ಹರಳೆಣ್ಣೆ ಸವರಿದ ಬ್ರೇಕು

ನನ್ನ ಗಂಡನ ಮನೆಯ ಗಂಡಸರಿಗೆ ಮೋಟಾರ್ ಬೈಕಿನ ಬಗ್ಗೆ ಏನು ಗೊತ್ತು ಎಂದು ಯಾರಾದರೂ ಕೇಳಿದರೆ, ಹಾರನ್ ಎಲ್ಲಿದೆ ಎಂಬುದು ಚೆನ್ನಾಗಿ ಗೊತ್ತು ಎಂದು ಧೈರ್ಯವಾಗಿ ಹೇಳಬಲ್ಲೆ. ಮಿಕ್ಕಿದ್ದೆಲ್ಲ ಅವರು ಊಹಿಸಿಕೊಂಡದ್ದು. ಊಹೆಯನ್ನು ಗಟ್ಟಿ ದನಿಯಲ್ಲಿ ಹೇಳಿಬಿಟ್ಟರೆ ಅದೇ ವಿದ್ಯೆ ಎಂದು ಪುಟ್ಟೇನಹಳ್ಳಿಯ ಆ ಮನೆಯಲ್ಲಿ ನಂಬಿಕೊಂಡು ಬಂದಿದ್ದಾರೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ದನಿಗೆ ತಲೆಯಾಡಿಸುತ್ತಿದ್ದೆ. ಈಗ ಆಡಿಸುವುದಿಲ್ಲ.

ನಾನು ಬೆಳೆದದ್ದು ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿ. ನಾನು ಸೊಸೆಯಾಗಿ ಬಂದಾಗ ಕೆರೆಯ ಹಿಂದಿನ ಅವರ ರಾಗಿ ಹೊಲದಲ್ಲಿ ಆಗಲೇ ಪಾಯ ತೋಡಿದ್ದರು. ಈಗ ಅಲ್ಲಿ ಸಾಲಾಗಿ ಬಾಡಿಗೆ ಮನೆಗಳು ನಿಂತಿವೆ. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ತಮ್ಮನ್ನು ಬಿಲ್ಡರ್ ಎಂದು ಪರಿಚಯಿಸಿಕೊಳ್ಳುತ್ತಾರೆ. ನನ್ನ ಗಂಡ ಅಣ್ಣನ ಕಟ್ಟಡಗಳ ಉಸ್ತುವಾರಿ. ಉಸ್ತುವಾರಿ ಎಂದರೆ ಬೆಳಿಗ್ಗೆ ಹೋಗಿ ಜಲ್ಲಿ ರಾಶಿಯ ಪಕ್ಕ ನಿಂತು, ಫೋನಿನಲ್ಲಿ ಮಾತಾಡಿ, ಟೀ ಕುಡಿದು ಬರುವುದು. ಹಾಗೆ ಬಂದ ಮೇಲೆ ಸುಸ್ತಾಗಿದೆ ಎಂದು ಮಲಗುತ್ತಾರೆ. ನಾನು ಹೆಬ್ಬಾಳದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ದಿನವಿಡೀ ನಿಂತೇ ಕೆಲಸ ಮಾಡುತ್ತೇನಾದರೂ ನನ್ನ ಸುಸ್ತಿಗೆ ಆ ಮನೆಯಲ್ಲಿ ಅಷ್ಟು ಗೌರವವಿಲ್ಲ.

ನಲವತ್ತು ದಾಟಿದ ಮೇಲೆ ನನಗೆ ಬೈಕಿನ ಹುಚ್ಚು ಹಿಡಿಯಿತು. ಸ್ಕೂಟರಲ್ಲ, ಗೇರಿರುವ, ತೂಕದ ಬೈಕು. ಹೆಬ್ಬಾಳ ಫ್ಲೈಓವರಿನ ಮೇಲೆ ಬಸ್ಸು ಅಲ್ಲಾಡದೆ ನಿಂತಿರುವಾಗ ಪಕ್ಕದಲ್ಲಿ ಬೈಕಿನವರು ಸಂದು ಹುಡುಕಿಕೊಂಡು ಹೋಗುವುದನ್ನು ವರ್ಷಗಟ್ಟಲೆ ನೋಡಿದ್ದೆ. ಯಲಹಂಕದ ಆಚೆ ಮನೆಗಳಿನ್ನೂ ಏಳದ ಲೇಔಟೊಂದರಲ್ಲಿ ಭಾನುವಾರ ಭಾನುವಾರ ಕಲಿತೆ. ಬಿದ್ದೆ, ಮಂಡಿ ತರಚಿಕೊಂಡೆ, ಮತ್ತೆ ಹತ್ತಿದೆ. ಕೊನೆಗೆ ನನ್ನ ಸಂಬಳದಲ್ಲಿ ಒಂದು ಬೈಕು ಕೊಂಡೆ. ಅದರ ಜೊತೆ ಬಂದ ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೂ ಓದಿದೆ. ಆ ಮನೆಗೆ ಬಂದ ಯಾವ ಗಾಡಿಯ ಕೈಪಿಡಿಯನ್ನೂ ಅದುವರೆಗೆ ಯಾರೂ ಕವರಿನಿಂದ ಹೊರಗೆ ತೆಗೆದಿರಲಿಲ್ಲ.

ಆ ಬೈಕಿನ ಮೇಲೆ ಕೂತಷ್ಟು ಹೊತ್ತು ನಾನು ಯಾರ ಸೊಸೆಯೂ ಅಲ್ಲ, ಯಾರಿಗೂ ತಿಂಡಿ ಬಡಿಸಬೇಕಾದವಳೂ ಅಲ್ಲ. ನನಗೆ ಬೇಕಿದ್ದದ್ದು ಅಷ್ಟೇ. ಅಷ್ಟಕ್ಕೇ ನನ್ನ ಗಂಡನಿಗೆ ಹೊಟ್ಟೆ ಉರಿಯತೊಡಗಿತು. ಬೇಕರಿಯ ಮುಂದೆ ನಿಂತ ಸ್ನೇಹಿತರು, "ಏನ್ ಗುರು, ಮೇಡಂ ಡ್ರಾಪ್ ಕೊಡ್ತಾರಾ?" ಎಂದು ನಕ್ಕಿದ್ದರಂತೆ. ಕೆಲವೇ ವಾರಗಳಲ್ಲಿ ಅವರು ನನ್ನದಕ್ಕಿಂತ ದೊಡ್ಡ ಬೈಕು ತಂದರು. ತಮ್ಮ ತಂದ ಮೇಲೆ ಅಣ್ಣ ಸುಮ್ಮನಿರುತ್ತಾರೆಯೇ? ಭಾವ ಅದಕ್ಕಿಂತಲೂ ದೊಡ್ಡದನ್ನು ತಂದರು. ಆದರೂ ಬೇಕರಿಯ ಮುಂದೆ ನಗು ನಿಲ್ಲಲಿಲ್ಲ.

ಒಂದು ದಿನ ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ ಅತ್ತೆಯ ಎದುರಿಗೇ ಮಾತು ತೆಗೆದರು.

"ಎಲ್ರೂ ಗಾಡಿ ತಗೊಂಡು ಮನೆದೇವ್ರಿಗೆ ಹೋಗ್ಬರೋಣ. ನಿನ್ನ ಗಾಡೀನೂ ಬರ್ಲಿ. ದಾರೀಲಿ ಎಲ್ಲಾದ್ರೂ ಕೆಟ್ಟು ನಿಂತ್ರೆ, ವಾಪಸ್ ಬಂದ್ಮೇಲೆ ಮಾರ್ಬಿಡ್ಬೇಕು. ಸುಮ್ನೆ ಒಂದು ಸ್ಕೂಟ್ರು ತಗೋ. ಕೆಡದೆ ಬಂತು ಅಂದ್ರೆ ಇನ್ಮೇಲೆ ನಾನು ಬಾಯಿ ಬಿಡಲ್ಲ."

"ಆಯ್ತು ರೀ," ಎಂದೆ. ಗಾಡಿ ನನ್ನ ಹೆಸರಿನಲ್ಲಿದೆಯಲ್ಲ, ನೀನು ಯಾಕೆ ಒಪ್ಪಿದೆ ಎಂದು ನನ್ನ ಅಕ್ಕ ಆಮೇಲೆ ಬೈದಳು. ಹೆಸರಿನದೇನು? ಅವರ ಇನ್ನೊಂದು ಹೊಲ ಮಾರುವಾಗ ಆ ಮನೆಯ ಹೆಂಗಸರೆಲ್ಲ ತೋರಿಸಿದಲ್ಲಿ ಸಹಿ ಹಾಕಿದ್ದನ್ನು ನಾನು ನೋಡಿದ್ದೆ. ಅವರು ನನ್ನ ಮುಂದೆಯೂ ಕಾಗದ ಹಿಡಿಯುತ್ತಾರೆ, ಮನೆಯ ನೆಮ್ಮದಿಗಾಗಿ ನಾನೂ ಒಂದು ದಿನ ಹಾಕಿಬಿಡುತ್ತೇನೆ ಎಂಬ ಭಯ ನನಗೇ ಇತ್ತು. ಅದರ ಬದಲು ಗಾಡಿಯೇ ತೀರ್ಮಾನ ಮಾಡಲಿ ಅನ್ನಿಸಿತು. ನನ್ನ ಗಾಡಿಯ ಮೇಲೆ ನನಗೆ ಭರವಸೆಯಿತ್ತು.

ಅವರ ಮನೆದೇವರು ಇರುವುದು ಹತ್ತಿರದಲ್ಲಲ್ಲ. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಎಲ್ಲ ದಾಟಿ, ಹರಿಹರದ ಆಚೆ ಹೊಳೆಯ ದಡದಲ್ಲಿ. ಅವರ ಹಿಂದಿನವರು ಆ ಕಡೆಯಿಂದ ಬಂದವರಂತೆ. ಅಜ್ಜನ ಕಾಲದಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಆಗಿನಿಂದ ಬಂದ ಒಂದು ಕಟ್ಟಳೆಯಿದೆ. ಮನೆದೇವರಿಗೆ ಹೊರಡುವ ಗಾಡಿಯನ್ನು ಮನೆಯ ಗಂಡಸರೇ ಕೈಯಾರೆ ಸಿದ್ಧ ಮಾಡಬೇಕು, ಹೊರಗಿನವರ ಕೈ ತಾಗಿಸಬಾರದು. ಚಕ್ರಕ್ಕೆ ಹರಳೆಣ್ಣೆ ಮುಟ್ಟಿಸಬೇಕು. ಪೂಜೆಯಾದ ಮೇಲೆ ಸಾಮಾನು ಸರಂಜಾಮನ್ನು ದೇವರ ಮನೆಯಲ್ಲಿಟ್ಟು ಹೊರಡಬೇಕು. ಗಾಡಿಗೆ ಹಾಕಿದ ಹಾರವನ್ನು ದೇವರು ನೋಡುವ ತನಕ ತೆಗೆಯಬಾರದು.

ಅಜ್ಜನಿಗೆ ಇದು ಸರಿಯಾಗಿತ್ತು. ಅವರಿಗೆ ಗಾಡಿ ಗೊತ್ತಿತ್ತು. ಅಚ್ಚು ಎಲ್ಲಿ ಸವೆದಿದೆ, ಎಣ್ಣೆ ಎಷ್ಟು ಬಿಡಬೇಕು ಎಂಬುದು ಅವರ ಬೆರಳಿಗೇ ತಿಳಿಯುತ್ತಿತ್ತು ಎಂದು ಅತ್ತೆ ಹೇಳುತ್ತಾರೆ. ಮೊಮ್ಮಕ್ಕಳಿಗೆ ಕಟ್ಟಳೆ ಉಳಿದಿದೆ, ಬೆರಳು ಉಳಿದಿಲ್ಲ. ಬಲ್ಬು ಹೋದರೆ ಎಲೆಕ್ಟ್ರೀಷಿಯನ್ನನ್ನು ಕರೆಸುವ ಇಬ್ಬರು ಗಂಡಸರು, ಆ ಒಂದು ದಿನದ ಮಟ್ಟಿಗೆ ಮೂರು ಬೈಕುಗಳಿಗೆ ಮೆಕ್ಯಾನಿಕ್ಕುಗಳಾದರು.

ಹೊರಡುವ ಹಿಂದಿನ ದಿನ ಗಾಡಿಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಮಧ್ಯಾಹ್ನ ನಾನು ಲ್ಯಾಬಿನಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಅಂಗಳದಲ್ಲಿ ಕೆಲಸ ಭರದಿಂದ ಸಾಗಿತ್ತು. ಭಾವ ನನ್ನ ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೈಗೆಲ್ಲ ಗ್ರೀಸು ಬಳಿದುಕೊಂಡು ಕೂತಿದ್ದರು.

"ನೋಡಮ್ಮ, ಚೈನು ಲೊಡಬಡ ಅಂತಿತ್ತು. ಟೈಟ್ ಮಾಡಿದೀನಿ. ಇನ್ನು ಜನ್ಮದಲ್ಲಿ ಸಡ್ಲ ಆಗಲ್ಲ."

ಬಗ್ಗಿ ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬಟ್ಟೆ ಒಣಗಿಸುವ ತಂತಿಯೂ ಅಷ್ಟು ಬಿಗಿಯಾಗಿರುವುದಿಲ್ಲ. ಬೈಕಿನ ಚೈನಿಗೆ ಎರಡು ಬೆರಳಷ್ಟು ಸಡಿಲ ಇರಲೇಬೇಕು. ಜನ ಕೂತಾಗ ಹಿಂದಿನ ಚಕ್ರ ಮೇಲೆ ಸರಿಯುತ್ತದೆ, ಚೈನು ಇನ್ನೂ ಬಿಗಿಯುತ್ತದೆ. ಅದಕ್ಕೆ ಜಾಗ ಬಿಡದಿದ್ದರೆ ಬೇರಿಂಗು ಹೋಗುತ್ತದೆ, ಇಲ್ಲವೇ ಚೈನೇ ತುಂಡಾಗುತ್ತದೆ. ಇದು ಕೈಪಿಡಿಯಲ್ಲಿ ಚಿತ್ರದ ಸಮೇತ ಇದೆ.

"ಭಾವ, ಸ್ವಲ್ಪ ಸಡಿಲ ಬಿಡ್ಬೇಕು, ಇದು ಜಾಸ್ತಿ ಬಿಗಿಯಾಯ್ತು," ಎಂದೆ.

"ಸಡ್ಲ ಬಿಟ್ರೆ ಕಳಚ್ಕೊಂಡು ಬೀಳ್ತೀಯ. ನಾವು ಎಷ್ಟು ಗಾಡಿ ನೋಡಿಲ್ಲ, ಬಿಡಮ್ಮ."

ಎಷ್ಟೋ ಗಾಡಿ ನೋಡಿದ್ದಾರೆ ಎಂಬುದು ನಿಜ. ನೋಡಿದ್ದಾರೆ ಅಷ್ಟೇ.

ಅಷ್ಟರಲ್ಲಿ ನನ್ನ ಗಂಡ ಬಟ್ಟಲಲ್ಲಿ ಹರಳೆಣ್ಣೆ ಹಿಡಿದುಕೊಂಡು ಬಂದು ತಮ್ಮ ಬೈಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಚಕ್ರಕ್ಕೆ ಮುಟ್ಟಿಸಬೇಕಲ್ಲ? ಅಚ್ಚು ಎಲ್ಲಿದೆ ಎಂದು ಹುಡುಕಿದರು. ಕಾಣಲಿಲ್ಲ. ಮುಂದಿನ ಚಕ್ರದ ನಡುವೆ ತಳತಳ ಹೊಳೆಯುವ ಉಕ್ಕಿನ ತಟ್ಟೆಯೊಂದು ಕಂಡಿತು. ಅದು ಬ್ರೇಕಿನ ಡಿಸ್ಕು. ಎರಡು ಪ್ಯಾಡುಗಳು ಅದನ್ನು ಕಚ್ಚಿ ಹಿಡಿದರೆ ಗಾಡಿ ನಿಲ್ಲುತ್ತದೆ, ಅದಕ್ಕೆ ಜಿಡ್ಡು ತಾಗಿದರೆ ನಿಲ್ಲುವುದಿಲ್ಲ. ಅವರು ಬಟ್ಟಲಿಗೆ ಬೆರಳು ಅದ್ದಿ, ಮಗುವಿನ ನೆತ್ತಿಗೆ ಹಚ್ಚುವ ಹಾಗೆ ಆ ಡಿಸ್ಕಿಗೆ ಪ್ರೀತಿಯಿಂದ ಎಣ್ಣೆ ಸವರಿದರು.

"ರೀ, ಅದು ಬ್ರೇಕು. ಎಣ್ಣೆ ಹಚ್ಬಾರ್ದು. ಮೊದ್ಲು ಒರೆಸಿ, ತೊಳೀರಿ."

"ತುಕ್ಕು ಹಿಡಿಯಲ್ಲ ಬಿಡೇ. ಶಾಸ್ತ್ರಕ್ಕೆ ಅಡ್ಡ ಬರ್ಬೇಡ."

ನನ್ನ ಗಾಡಿಯ ಹತ್ತಿರ ಬಟ್ಟಲು ಬಂದಾಗ ನಾನು ಡಿಸ್ಕಿನ ಮೇಲೆ ಟವೆಲ್ಲು ಹಾಸಿ ಹಿಡಿದೆ. ಶಾಸ್ತ್ರಕ್ಕೆ ಒಂದು ತೊಟ್ಟನ್ನು ಚಕ್ರದ ನಟ್ಟಿಗೆ ಮುಟ್ಟಿಸಿ ಹೋದರು. ಭಾವನ ಗಾಡಿಗೆ ಅತ್ತೆ ಮುಟ್ಟಿಸಿದ್ದರಿಂದ ಟೈರಿನಲ್ಲಿ ಮುಗಿಯಿತು. ಆಮೇಲೆ ಪೂಜೆ. ಭಾವನ ಗಾಡಿ ಎಲ್ಲಕ್ಕಿಂತ ದೊಡ್ಡದಾದ್ದರಿಂದ ಅದಕ್ಕೆ ಎಲ್ಲಕ್ಕಿಂತ ದಪ್ಪನೆಯ ಚೆಂಡುಹೂವಿನ ಹಾರ ಬಿತ್ತು. ಹಾರ ಎರಡು ಸುತ್ತು ಸುತ್ತಿ ಎಂಜಿನ್ನಿನ ಮುಂದಿನ ರೇಡಿಯೇಟರನ್ನು ಪೂರ್ತಿ ಮುಚ್ಚಿತು. ಗಾಳಿ ನುಗ್ಗಿ ಎಂಜಿನ್ನನ್ನು ತಣ್ಣಗಿಡಲೆಂದು ಮಾಡಿದ ಜಾಗ ಅದು. ನಾನು ಹೇಳಲು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಒಂದೇ ದಿನದಲ್ಲಿ ಎಷ್ಟು ಸಲ ತಾನೇ ಹೇಳುವುದು.

ಪೂಜೆ ಮುಗಿದ ಮೇಲೆ ಮೂರೂ ಗಾಡಿಗಳ ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನು ಒಂದು ತಟ್ಟೆಗೆ ಹಾಕಿ, ಕುಂಕುಮವಿಟ್ಟು, ದೇವರ ಮನೆಯಲ್ಲಿಟ್ಟು ಬಾಗಿಲು ಮುಚ್ಚಿದರು. ಚೈನು ಸರಿಮಾಡಿಕೊಳ್ಳುತ್ತೇನೆ ಎಂದು ನಾನು ಕೇಳಿದ್ದಕ್ಕೆ ಅತ್ತೆ, "ಪೂಜೆ ಆದ್ಮೇಲೆ ಮುಟ್ಟಂಗಿಲ್ಲ ಕಣಮ್ಮ. ಇಂಗೇ ಓಗ್ಬೇಕು," ಎಂದರು. ಹೀಗೆ ಮೂರು ದೊಡ್ಡ ಬೈಕುಗಳು, ಅರ್ಧ ಕರ್ನಾಟಕ ದಾಟಬೇಕಾದ ದಾರಿ, ಮೂವರ ಕೈಯಲ್ಲೂ ಒಂದೇ ಒಂದು ಸ್ಪ್ಯಾನರಿಲ್ಲ. ಅದಕ್ಕೆ ಭಕ್ತಿ ಎಂದು ಹೆಸರು.

ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಅತ್ತೆ ಮತ್ತು ನನ್ನ ಓರಗಿತ್ತಿ ಯಶವಂತಪುರದಿಂದ ರೈಲಿನಲ್ಲಿ ಹರಿಹರಕ್ಕೆ ಬಂದು ಅಲ್ಲಿಂದ ಕಾರು ಹಿಡಿಯುವುದೆಂದು ಮೊದಲೇ ಗೊತ್ತುಮಾಡಿಯಾಗಿತ್ತು. ನಾವು ಅಬ್ಬಿಗೆರೆಯ ಮೇಲೆ ಹಾದು, ಟಿ. ದಾಸರಹಳ್ಳಿಯ ಹತ್ತಿರ ತುಮಕೂರು ರಸ್ತೆ ಸೇರಿದೆವು. ಆ ಹೊತ್ತಿಗೇ ಅಲ್ಲಿ ಫ್ಯಾಕ್ಟರಿ ಬಸ್ಸುಗಳು, ಲಾರಿಗಳು. ಮುಂದೆ ಭಾವ, ಮಧ್ಯದಲ್ಲಿ ನನ್ನ ಗಂಡ, ಕೊನೆಗೆ ನಾನು. ನನ್ನನ್ನು ಕೊನೆಗೆ ಹಾಕಿದ್ದು ನನ್ನ ಗಾಡಿ ನಿಂತರೆ ಯಾರಿಗೂ ಅಡ್ಡಿಯಾಗಬಾರದೆಂದಂತೆ.

ನನ್ನ ಗಂಡ ಮುಂದಿನ ಬ್ರೇಕು ಹಿಡಿದರೆ ಮಗುಚಿ ಬೀಳುತ್ತೇವೆ ಎಂದು ನಂಬಿದವರು. ಹಿಂದಿನ ಬ್ರೇಕು ಒಂದರಲ್ಲೇ ಜೀವನ ತಳ್ಳಿದ್ದಾರೆ. ಹಾಗಾಗಿ ಹರಳೆಣ್ಣೆಯ ಮಹಿಮೆ ಅವರಿಗೆ ಊರೊಳಗೆ ತಿಳಿಯಲೇ ಇಲ್ಲ. ನೆಲಮಂಗಲದಲ್ಲಿ ಕಾಫಿಗೆ ನಿಂತಾಗ ನಾನು ಇನ್ನೊಮ್ಮೆ ಹೇಳಿದೆ. ಅವರು ಭಾವನ ಕಡೆ ನೋಡಿ, "ಲ್ಯಾಬಲ್ಲಿ ಹೇಳ್ಕೊಡ್ತಾರಂತೆ ಕಣಣ್ಣ ಬ್ರೇಕು," ಎಂದರು. ಅಣ್ಣ ತಮ್ಮ ಇಬ್ಬರೂ ಹಲ್ಲು ಕಿಸಿದರು.

ತುಮಕೂರು ದಾಟುವ ಹೊತ್ತಿಗೆ ನನ್ನ ಚೈನು ಅಳತೊಡಗಿತು. ಮೊದಲು ಸಣ್ಣಗೆ, ಆಮೇಲೆ ಹೆಲ್ಮೆಟ್ಟಿನೊಳಗೂ ಕೇಳುವಷ್ಟು. ಹೊಂಡಕ್ಕೆ ಇಳಿದಾಗಲೆಲ್ಲ ಹಿಂದಿನಿಂದ ಯಾರೋ ಜಗ್ಗಿದ ಹಾಗಾಗುತ್ತಿತ್ತು. ನಿಲ್ಲಿಸಿ ಸರಿಮಾಡೋಣವೆಂದರೆ ಸ್ಪ್ಯಾನರಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ನಿಲ್ಲಿಸಿದ ಕೂಡಲೇ ಅದು 'ಕೆಟ್ಟು ನಿಂತಿತು' ಎಂದಾಗುತ್ತಿತ್ತು. ನಿಲ್ಲಿಸದೆ ಹೋದರೆ ಚೈನು ತುಂಡಾಗಿ ನಿಜವಾಗಿಯೂ ಕೆಡುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಅವರು ಬೇಕೆಂತಲೇ ಹಾಗೆ ಬಿಗಿದಿದ್ದರೆ ಸ್ವಲ್ಪವಾದರೂ ಗೌರವ ಇಟ್ಟುಕೊಳ್ಳಬಹುದಿತ್ತು. ಹಾಳು ಮಾಡುವುದಕ್ಕೂ ಒಂದು ತಿಳಿವಳಿಕೆ ಬೇಕು. ಅದೂ ಇಲ್ಲದೆ, ಒಳ್ಳೆಯದು ಮಾಡುತ್ತೇವೆಂದುಕೊಂಡೇ ಮಾಡಿದ್ದರು.

ನನ್ನನ್ನು ಉಳಿಸಿದ್ದು ಚೆಂಡುಹೂವು. ಶಿರಾ ಸಮೀಪಿಸುವಾಗ ಮುಂದೆ ಭಾವನ ಗಾಡಿ ಇದ್ದಕ್ಕಿದ್ದಂತೆ ನಿಧಾನವಾಗಿ ಎಡಕ್ಕೆ ಸರಿಯಿತು. ನಾನೂ ನನ್ನ ಗಂಡನೂ ಹಿಂದೆ ಹೋಗಿ ನಿಲ್ಲಿಸಿದೆವು. ಗಾಡಿಯ ಮೀಟರಿನಲ್ಲಿ ಕೆಂಪು ದೀಪ, ಎಂಜಿನ್ನಿನ ಪಕ್ಕದಿಂದ ಹಬೆ, ಜೊತೆಗೆ ಬೆಂದ ಹೂವಿನ ವಾಸನೆ.

"ಹೀಟ್ ಆಗೈತೆ ಮಗಾ," ಎಂದರು ಭಾವ, ತಮ್ಮನಿಗೆ.

"ಭಾವ, ಹಾರ ರೇಡಿಯೇಟರಿಗೆ ಅಡ್ಡ ಇದೆ. ಸ್ವಲ್ಪ ಪಕ್ಕಕ್ಕೆ ಸರಿಸಿದ್ರೆ ಸಾಕು."

"ಹಾರ ಮುಟ್ಟೋದಾ? ದೇವ್ರು ನೋಡ್ದೆ? ಬಿಸ್ಲಿಗಮ್ಮ ಇದು. ನೀರ್ ಹಾಕಿದ್ರೆ ಸರಿಹೋಗುತ್ತೆ."

ಅಣ್ಣ ತಮ್ಮ ಸೇರಿ ಕುಡಿಯುವ ನೀರಿನ ಬಾಟಲಿಗಳನ್ನು ತಂದು, ಹಾರದ ಮೇಲೆ, ಹಾರಕ್ಕೆ ನೋವಾಗದ ಹಾಗೆ, ಚಿಮುಕಿಸತೊಡಗಿದರು. ಹೂವಿಗೆ ತಂಪಾಯಿತು. ಎಂಜಿನ್ನಿಗೆ ಏನೂ ಆಗಲಿಲ್ಲ. ನನಗೆ ಬೇಕಿದ್ದ ಸಮಯ ಅದೇ. ನಿಂತವರು ಅವರು, ನನ್ನ ಗಾಡಿಯಲ್ಲ.

ರಸ್ತೆಯ ಪಕ್ಕ ಲಾರಿಗಳಿಗೆ ಪಂಕ್ಚರ್ ಹಾಕುವ ಅಂಗಡಿಯಿತ್ತು. ನಾನು ಹೋಗಿ ಇಪ್ಪತ್ನಾಲ್ಕನೇ ನಂಬರಿನ ಸ್ಪ್ಯಾನರು ಕೇಳಿದೆ. ಅಂಗಡಿಯವನು ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, "ಯಜಮಾನ್ರಿಗೆ ಬರಾಕೇಳಿ ಮೇಡಂ," ಎಂದ. ಯಜಮಾನರು ಹೂವಿಗೆ ನೀರು ಹಾಕುತ್ತಿದ್ದಾರೆ ಎಂದೆ. ಆತ ಕತ್ತು ಚಾಚಿ ಆ ಕಡೆ ನೋಡಿ, ಸ್ಪ್ಯಾನರು ಕೊಟ್ಟ.

ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಎರಡೂ ಪಕ್ಕದ ಗುರುತು ಒಂದೇ ಅಳತೆಗೆ ಬರುವ ಹಾಗೆ ಚೈನು ಬಿಗಿಯುವ ತಿರುಪುಗಳನ್ನು ಹಿಂದಕ್ಕೆ ತಿರುಗಿಸಿ, ಒಂದು ಸಲ ಸೀಟಿನ ಮೇಲೆ ಕೂತು ಇಳಿದು, ಬೆರಳಿಟ್ಟು ನೋಡಿ, ಮತ್ತೆ ಬಿಗಿದೆ. ಕಷ್ಟದ ಕೆಲಸವೇನಲ್ಲ. ಓದಲು ಬಂದರೆ ಸಾಕು. ಕೈ ಒರೆಸಿಕೊಳ್ಳುತ್ತಿರುವಾಗ ನನ್ನ ಗಂಡ ಅಲ್ಲಿಂದಲೇ ಕೂಗಿದರು.

"ಏನು, ಕೆಟ್ಟೋಯ್ತಾ?"

"ಇಲ್ಲ. ನಿಮ್ಮಣ್ಣನ ಗಾಡಿ ನಿಂತಿತಲ್ಲ, ಅದಕ್ಕೆ ನಿಂತಿದೀನಿ."

ಅವರ ಮುಖದಲ್ಲಿ ಕಂಡದ್ದು ನಿರಾಸೆಯೇ ಎಂದು ಆಗ ನನಗೆ ಖಚಿತವಾಗಿರಲಿಲ್ಲ. ಅವರ ಫೋನು ನನ್ನ ಗಾಡಿಯ ಬ್ಯಾಗಿನಲ್ಲಿತ್ತು, ಬಡಿದುಕೊಂಡಿತು. ಅವರ ಎರಡೂ ಕೈಯಲ್ಲಿ ಬಾಟಲಿ. "ಯಾರು ನೋಡು," ಎಂದರು. ತೆಗೆದುಕೊಂಡೆ.

"ಸಾರ್, ಬೈಕ್ ಹಾಕಿದ್ರಲ್ಲ, ಫೋಟೋ ನೋಡ್ದೆ. ಲೇಡೀಸ್ ಓಡ್ಸಿರೋದು, ಕಮ್ಮಿ ಓಡಿರೋದು ಅಂತ. ಇನ್ನೂ ಇದ್ಯಾ? ಸೋಮವಾರ ನೋಡಕ್ಕೆ ಬರ್ಲಾ?"

ಯಾವ ಬೈಕು, ಯಾವಾಗ ಹಾಕಿದ್ದು ಎಂದು ಕೇಳಿದೆ. ಆತ ನನ್ನ ಗಾಡಿಯ ಬಣ್ಣ ಹೇಳಿದ, ಹೋದ ವಾರವೇ ಹಾಕಿದ್ದಾರೆ ಎಂದ. ಆಮೇಲೆ ಮಾಡಿ ಎಂದು ಇಟ್ಟೆ. ಊಟದ ಹೊತ್ತಿನಲ್ಲಿ ಅತ್ತೆಯ ಎದುರು ಆ ಮಾತಾಡಿ ಮೂರೇ ದಿನವಾಗಿತ್ತು, ಅಂದರೆ ಅದಕ್ಕೂ ಮೊದಲೇ ನನ್ನ ಗಾಡಿಯ ಫೋಟೋ ತೆಗೆದು ಮಾರಾಟಕ್ಕೆ ಹಾಕಿಯಾಗಿತ್ತು. ಗಾಡಿ ಕೆಡುತ್ತದೋ ಇಲ್ಲವೋ ಎಂಬುದು ನನಗೆ ಮಾತ್ರ ಪ್ರಶ್ನೆಯಾಗಿತ್ತು.

"ಯಾರಂತೆ?" ಎಂದರು.

"ಲೋನ್ ಬೇಕಾ ಅಂತ," ಎಂದು ಫೋನು ಕೊಟ್ಟೆ. ಅಲ್ಲೇ ಜಗಳ ತೆಗೆಯಬಹುದಿತ್ತು. ಆದರೆ ಜಗಳವಾಡಿದರೆ ಮಾತು ತಿರುಗಿಸಿ ತಿರುಗಿಸಿ, ಕೊನೆಗೆ ನನ್ನ ಸುರಕ್ಷತೆಗಾಗಿಯೇ ಮಾಡಿದ್ದು ಎಂಬಲ್ಲಿಗೆ ತಂದು ನಿಲ್ಲಿಸುತ್ತಾರೆ. ಅದನ್ನು ಕೇಳುವ ತಾಳ್ಮೆ ನನ್ನಲ್ಲಿರಲಿಲ್ಲ. ಮೊದಲು ಗಾಡಿ ಮನೆದೇವರ ಮುಂದೆ ಹೋಗಿ ನಿಲ್ಲಲಿ, ಅತ್ತೆ ಕಣ್ಣಾರೆ ನೋಡಲಿ ಎಂದುಕೊಂಡೆ.

ಬಾಟಲಿಗಳೆಲ್ಲ ಖಾಲಿಯಾದ ಮೇಲೆ ಭಾವನ ಗಾಡಿ ತಾನಾಗಿಯೇ ಆರಿತು. ಅಲ್ಲಿಂದ ಮುಂದೆ ಸ್ವಲ್ಪ ದೂರ ಓಡಿಸುವುದು, ನಿಲ್ಲಿಸಿ ಆರಿಸುವುದು, ಮತ್ತೆ ಓಡಿಸುವುದು. ಚಿತ್ರದುರ್ಗದಲ್ಲಿ ಊಟಕ್ಕೆ ಕೂತಾಗ ಭಾವ, ಈ ಕಂಪನಿಯ ಗಾಡಿಗಳೇ ಹೀಗೆ ಎಂದು ಕಂಪನಿಗೆ ಬೈದರು. ತಮ್ಮ ತಲೆಯಾಡಿಸಿದರು. ಹಾರ ಅಷ್ಟರಲ್ಲಿ ಕಪ್ಪಗಾಗಿ ಎಂಜಿನ್ನಿಗೆ ಅಂಟಿಕೊಂಡಿತ್ತು. ಆದರೂ ಅದು ಹಾರ.

ಚಿತ್ರದುರ್ಗ ಬಿಟ್ಟು ಸ್ವಲ್ಪ ಹೊತ್ತಿಗೆ ಹರಳೆಣ್ಣೆಯ ಸರದಿ ಬಂತು. ಮೆಕ್ಕೆಜೋಳದ ಚೀಲ ಹೇರಿದ ಟ್ರ್ಯಾಕ್ಟರೊಂದು ರಸ್ತೆ ನಡುವಿನ ಸಂದಿನಲ್ಲಿ ತಿರುಗಿ ನಮ್ಮ ಬದಿಯ ರಸ್ತೆಗೆ ಬಂದು, ನಮ್ಮ ಮುಂದೆಯೇ ನಿಧಾನವಾಗಿ ಹೊರಟಿತು. ದೂರದಿಂದಲೇ ಕಾಣುತ್ತಿತ್ತು. ನಾನು ನಿಧಾನ ಮಾಡಿದೆ. ನನ್ನ ಗಂಡ ಹಾರನ್ ಒತ್ತಿದರು. ಟ್ರ್ಯಾಕ್ಟರು ಹಾರನ್ನಿಗೆ ಮರ್ಯಾದೆ ಕೊಡಲಿಲ್ಲ. ಹಿಂದಿನ ಬ್ರೇಕು ಸಾಲದೆ ಅವರು ಜೀವಮಾನದಲ್ಲಿ ಮೊದಲ ಸಲ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದಿರಬೇಕು. ಗಾಡಿ ಜಾರಿದ ಹಾಗೆ ಮೆಲ್ಲಗೆ, ಆದರೆ ನಿಲ್ಲದೆ, ಹೋಗಿ ಟ್ರ್ಯಾಲಿಯ ಹಿಂಭಾಗಕ್ಕೆ ಗುದ್ದಿ ಮಲಗಿತು.

ನನ್ನ ಎದೆ ಒಡೆದುಹೋಯಿತು ಎಂದು ಒಪ್ಪಿಕೊಳ್ಳುತ್ತೇನೆ. ಓಡಿಹೋಗಿ ಹೆಲ್ಮೆಟ್ ತೆಗೆದು, ಕೈಕಾಲು ಆಡಿಸಿ, ಕಣ್ಣು ನೋಡಿದೆ. ಮೊಣಕೈ ತರಚಿತ್ತು, ಅಷ್ಟೇ. ಜೀವ ಬಂದ ಹಾಗಾಯಿತು. ತೊಳೆದು ಬಟ್ಟೆ ಕಟ್ಟಿದೆ. ಅವರು ಎದ್ದು ಕೂತು ಆಡಿದ ಮೊದಲ ಮಾತು, "ಬ್ರೇಕ್ ಫೇಲ್ ಆಯ್ತು ಗುರು, ಏನ್ ಗಾಡಿ ಮಾಡ್ತಾರೋ." ನನ್ನೊಳಗಿನ ಕರುಣೆಯೆಲ್ಲ ಆ ಒಂದು ಮಾತಿಗೆ ಇಂಗಿಹೋಯಿತು.

ಗಾಡಿಯ ಹೆಡ್‌ಲೈಟು ಚೂರಾಗಿತ್ತು, ಕ್ಲಚ್ಚಿನ ಹಿಡಿ ಮುರಿದಿತ್ತು, ಮುಂದಿನ ಫೋರ್ಕು ಬಗ್ಗಿ ಚಕ್ರ ಓರೆಯಾಗಿತ್ತು. ಓಡಿಸುವ ಹಾಗಿರಲಿಲ್ಲ. ಆದರೆ ಮನೆದೇವರಿಗೆಂದು ಹೊರಟ ಗಾಡಿ ಅರ್ಧದಲ್ಲಿ ಹಿಂದೆ ಹೋಗಬಾರದು ಎಂದರು ಭಾವ. ಒಂದು ಗೂಡ್ಸ್ ಟೆಂಪೋ ಹಿಡಿದು, ಗಾಡಿಯನ್ನು ಹಾರದ ಸಮೇತ ಹಗ್ಗ ಹಾಕಿ ಕಟ್ಟಿದರು. ಈಗ ನಾನು ಮುಂದೆ, ನನ್ನ ಹಿಂದೆ ಟೆಂಪೋ, ಅದರ ಹಿಂದೆ ನಿಂತು ನಿಂತು ಬರುವ ಭಾವನ ಗಾಡಿ. ಟೆಂಪೋದಲ್ಲಿ ಕೂರಲು ನನ್ನ ಗಂಡನಿಗೆ ಅವಮಾನವಾಯಿತು. ಆದ್ದರಿಂದ ನನ್ನ ಹಿಂದೆ ಕೂತರು.

ಕೂತ ಕ್ಷಣದಿಂದ ಉಪದೇಶ ಶುರುವಾಯಿತು. ಗೇರು ಹಾಕು, ಗೇರು ಇಳಿಸು, ಎಡಕ್ಕೆ ಬಾ, ಲಾರಿ ನೋಡು. ಇಬ್ಬರ ಭಾರಕ್ಕೂ ಚೈನು ಸದ್ದೇ ಮಾಡಲಿಲ್ಲ. ಶಿರಾದಲ್ಲಿ ಸಡಿಲಿಸದೆ ಇದ್ದಿದ್ದರೆ ಅದು ಅವರ ತೂಕಕ್ಕೆ ಅಲ್ಲೇ ತುಂಡಾಗುತ್ತಿತ್ತು. ದಾವಣಗೆರೆ ದಾಟಿತು, ಹರಿಹರವೂ ದಾಟಿತು. ಹೆದ್ದಾರಿ ಬಿಟ್ಟು ಸಣ್ಣ ರಸ್ತೆಗೆ ಇಳಿದೆವು. ಎರಡೂ ಕಡೆ ಭತ್ತದ ಗದ್ದೆ, ಊರಿಗೊಂದರಂತೆ ರಸ್ತೆಯುಬ್ಬುಗಳು. ಒಂದು ಉಬ್ಬಿಗೆಂದು ನಿಧಾನ ಮಾಡಿದಾಗ ಗಾಳಿಯ ಸದ್ದು ಇಳಿಯಿತು. ಹಿಂದಿನಿಂದ ಅವರ ದನಿ ಕೇಳಿಸಿತು. ಫೋನನ್ನು ಹೆಲ್ಮೆಟ್ಟಿನೊಳಗೆ ಕಿವಿಗೆ ಸಿಕ್ಕಿಸಿಕೊಂಡು ಮಾತಾಡುತ್ತಿದ್ದರು. ಗಾಳಿಯಲ್ಲಿ ತಮ್ಮ ದನಿ ತಮಗೇ ಕೇಳಿಸದಿದ್ದರೆ ನನಗೂ ಕೇಳಿಸುವುದಿಲ್ಲ ಎಂದುಕೊಂಡಿರಬೇಕು.

"ಇದೆ ಇದೆ, ಸೋಮವಾರ ಬನ್ನಿ. ಕಂಡೀಷನ್ನಾ? ಸೂಪರ್ ಕಂಡೀಷನ್. ಬೆಳಿಗ್ಗೆಯಿಂದ ಓಡಿಸ್ತಾನೇ ಇದೀನಿ, ಒಂದ್ ಸೌಂಡ್ ಇಲ್ಲ. ಈಗ್ಲೂ ಅದರಲ್ಲೇ ಇದೀನಿ ಸಾರ್, ನಾನೇ ಓಡಿಸ್ಕೊಂಡು ಬರ್ತಿದೀನಿ."

ಮುಂದೆ ಒಂದು ಊರಿನ ಬಸ್ ನಿಲ್ದಾಣ, ಅದರ ಪಕ್ಕ ಒಂದು ಟೀ ಅಂಗಡಿ. ಗಾಡಿಯನ್ನು ಅಲ್ಲಿ ಎಡಕ್ಕೆ ತೆಗೆದು ನಿಲ್ಲಿಸಿದೆ.

"ಯಾಕೆ, ಕೆಟ್ಟೋಯ್ತಾ?" ಎಂದರು. ಈ ಸಲ ಅನುಮಾನವೇ ಇರಲಿಲ್ಲ. ಆ ದನಿಯಲ್ಲಿದ್ದದ್ದು ಸಂತೋಷ.

"ಇಲ್ಲ. ಇಳೀರಿ."

ಇಳಿದರು. ಏನೋ ನೋಡಲು ಹೇಳುತ್ತೇನೆ ಎಂದುಕೊಂಡು ಹಿಂದಿನ ಚಕ್ರದ ಕಡೆ ಬಗ್ಗಿದರು.

"ಸೋಮವಾರ ಬರ್ತಾರಲ್ಲ, ಅವರಿಗೆ ಇನ್ನೊಂದ್ಸಲ ಫೋನ್ ಮಾಡಿ. ಓಡಿಸ್ತಿದ್ದೋಳು ನಾನು ಅಂತ ಹೇಳಿ. ಮಾರೋದಿಲ್ಲ ಅಂತಾನೂ ಹೇಳಿ. ಟೆಂಪೋ ಹಿಂದೇನೇ ಬರ್ತಿದೆ, ಅದರಲ್ಲಿ ಬನ್ನಿ."

ಅವರು ಬಾಯಿ ತೆರೆದದ್ದನ್ನು ಕನ್ನಡಿಯಲ್ಲಿ ನೋಡಿದೆ. ಕೇಳಲು ನಿಲ್ಲಲಿಲ್ಲ. ಅಲ್ಲಿಂದ ಹೊಳೆಯ ದಡದವರೆಗೂ ನಾನು ಒಬ್ಬಳೇ. ನನಗೆ ಅಳು ಬರಬಹುದೆಂದುಕೊಂಡಿದ್ದೆ, ಬರಲಿಲ್ಲ. ಹಗುರವಾಗಿತ್ತು. ಗಾಡಿಯೂ ಹಗುರವಾಗಿತ್ತು.

ಅತ್ತೆ ದೇವಸ್ಥಾನದ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ನಾನೊಬ್ಬಳೇ ಬಂದದ್ದು ನೋಡಿ ಎದ್ದು ನಿಂತರು.

"ನನ್ ಮಗ ಎಲ್ಲಮ್ಮ?"

ಬಿದ್ದ ಸುದ್ದಿ ಹೇಳಿ, ಏನೂ ಆಗಿಲ್ಲ ಎಂದು ಧೈರ್ಯ ಹೇಳಿದೆ. ಆಮೇಲೆ, "ನನ್ನ ಗಾಡಿ ಮಾರ್ತಾ ಇದ್ರು ಅತ್ತೆ, ಅದಕ್ಕೆ ದಾರೀಲಿ ಇಳಿಸಿ ಬಂದೆ," ಎಂದೆ. ಅವರು ನನ್ನನ್ನೂ ಗಾಡಿಯನ್ನೂ ನೋಡಿದರು. 

ಬಹಳ ಹೊತ್ತಿನ ಮೇಲೆ ಟೆಂಪೋ ಬಂತು. ನನ್ನ ಗಂಡ ಅದರ ಹಿಂಭಾಗದಲ್ಲಿ, ತಮ್ಮ ಗಾಡಿ ಬೀಳದಂತೆ ಅದನ್ನು ತಬ್ಬಿ ಹಿಡಿದುಕೊಂಡು ನಿಂತಿದ್ದರು. ನನ್ನ ಕಡೆ ನೋಡಲಿಲ್ಲ. ಭಾವ ಬೆವರೊರೆಸಿಕೊಳ್ಳುತ್ತಾ, "ದೇವ್ರು ದೊಡ್ಡೋನು. ಎಣ್ಣೆ ಮುಟ್ಟಿಸಿದ್ದಕ್ಕೆ ಇಷ್ಟರಲ್ಲೇ ಹೋಯ್ತು," ಎಂದರು.

ಗಾಡಿಗಳಿಗೆ ಆರತಿಯೆತ್ತಲು ಅರ್ಚಕರು ತಟ್ಟೆ ಹಿಡಿದು ಬಂದರು. ಮೊದಲು ನಿಂತಿದ್ದದ್ದು ನನ್ನ ಗಾಡಿ. ಅವರು ನನ್ನ ತಲೆಯ ಮೇಲಿಂದ ನನ್ನ ಗಂಡನ ಕಡೆ ನೋಡಿ, "ಯಜಮಾನ್ರ ಹೆಸ್ರು, ನಕ್ಷತ್ರ ಹೇಳಿ," ಎಂದರು. ನನ್ನ ಗಂಡ ಅಭ್ಯಾಸದಿಂದ ತಮ್ಮ ಹೆಸರು ಹೇಳಲು ಹೊರಟರು.

"ಗಾಡಿ ನಂದು ಸ್ವಾಮಿ. ನನ್ನ ಹೆಸರಿಗೆ ಮಾಡಿ," ಎಂದೆ.

ಅರ್ಚಕರು ಮತ್ತೆ ನನ್ನ ಗಂಡನನ್ನೇ ನೋಡಿದರು. ಅವರು ಅಣ್ಣನನ್ನು ನೋಡಿದರು. ಅಣ್ಣ ಅಮ್ಮನನ್ನು ನೋಡಿದರು. ಮೂವರು ಗಂಡಸರು ಹೀಗೆ ಒಬ್ಬರನ್ನೊಬ್ಬರು ನೋಡುವಷ್ಟರಲ್ಲಿ ಕರ್ಪೂರ ಆರುವುದರಲ್ಲಿತ್ತು.

"ಅವ್ಳ್ ಗಾಡಿ ಅಂತ ಅವ್ಳೇಳ್ತಾವ್ಳಲ್ಲ, ಮಾಡಿ ಸ್ವಾಮಿ," ಎಂದರು ಅತ್ತೆ.

ನನ್ನ ಹೆಸರು, ನಕ್ಷತ್ರ ಹೇಳಿದೆ. ಆರತಿಯಾಯಿತು. ಅಂದಿನಿಂದ ಇಂದಿನವರೆಗೆ ನನ್ನ ಗಾಡಿ ಮಾರುವ ಮಾತು ಆ ಮನೆಯಲ್ಲಿ ಎದ್ದಿಲ್ಲ. ನಾನೂ ಅವರನ್ನು ಮತ್ತೆ ಹಿಂದೆ ಕೂರಿಸಿಕೊಂಡಿಲ್ಲ.